ಮೂಲದಾಳು ಪದ್ಧತಿಯ ಉಳಿಕೆ ಮತ್ತು ಕುದ್ಮುಲ್ ರಂಗರಾಯರ ಬದುಕು

ಗುಲಾಮಗಿರಿಯ ವಿವಾದವು ಒಂದು ದೇಶವನ್ನು ಹೇಗೆ ಸೀಳಬಲ್ಲದು ಎಂಬುದಕ್ಕೆ ಚರಿತ್ರೆಕಾರರು ಸಾಮಾನ್ಯವಾಗಿ ಅಮೆರಿಕವನ್ನು ಉದಾಹರಿಸುತ್ತಾರೆ. ಅಲ್ಲಿ ಉತ್ತರ ಮತ್ತು ದಕ್ಷಿಣ ರಾಜ್ಯಗಳ ವೈಮನಸ್ಯವು 1861ರಿಂದ 1865ರವರೆಗಿನ ಅಂತರ್ಯುದ್ಧಕ್ಕೆ ಎಡೆಮಾಡಿತು. ಕನ್ನಡ ನಾಡಿನಲ್ಲಿ ಅಂತಹ ಯುದ್ಧ ನಡೆಯಲಿಲ್ಲ. ಆದರೆ ದುಡಿಯುವವನ ಮೇಲೆ ಒಡೆಯನ ಹಕ್ಕು ಎಷ್ಟು ಎಂಬ ಪ್ರಶ್ನೆ ಇಲ್ಲಿಯೂ ಸಮಾಜವನ್ನು ಒಡೆದಿದೆ; ಒಡಕು ಮಾತ್ರ ಜಾತಿ ಮತ್ತು ಮನೆತನಗಳ ಒಳಗೆ ಕಾಣಿಸಿಕೊಂಡಿತು. ಮಂಗಳೂರಿನ ಕುದ್ಮುಲ್ ರಂಗರಾಯರ (1859–1928) ಬದುಕನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹುಳಿಯಾರು, ತಿಪಟೂರು, ತುರುವೇಕೆರೆಗಳ ತೆಂಗಿನ ಸೀಮೆಯವರಿಗೆ ಜೀತವೆಂದರೆ ಸಾಲಕ್ಕೆ ಒತ್ತೆಯಿಟ್ಟ ದುಡಿಮೆ. ಕರಾವಳಿಯ ಮೂಲದ ಆಳಿನ ಸ್ಥಿತಿ ಇದಕ್ಕಿಂತ ಭಿನ್ನ. ಆತ ಭೂಮಿಗೆ ಸೇರಿದವನು. ಭೂಮಿ ಕೈಬದಲಾದರೆ ಆತನೂ ಅದರೊಡನೆ ಕೈಬದಲಾಗುತ್ತಿದ್ದನು. 1801ರಲ್ಲಿ ಕೆನರಾ ಪ್ರಾಂತವನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂತಹ ಆಳುಗಳ ಸ್ಥಿತಿಗತಿಯನ್ನು ದಾಖಲಿಸಿದ್ದಾನೆ. 1843ರ 5ನೆಯ ಕಾಯ್ದೆಯು ಆಳಿನ ಮೇಲಿನ ಒಡೆತನಕ್ಕೆ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತು. 1862ರಲ್ಲಿ ಜಾರಿಗೆ ಬಂದ ದಂಡಸಂಹಿತೆಯು ಮನುಷ್ಯರ ಕ್ರಯವಿಕ್ರಯವನ್ನು ಅಪರಾಧವೆಂದು ಸಾರಿತು. ಆದರೆ ಆಳು ಮಲಗುವ ಗುಡಿಸಲು, ಉಣ್ಣುವ ಗಂಜಿ, ಮದುವೆಗೆ ಬೇಕಾದ ಸಾಲ ಇವೆಲ್ಲವೂ ಒಡೆಯನ ಕೈಯಲ್ಲಿಯೇ ಉಳಿದವು. ಕಾನೂನು ಬಿಡಿಸಿದ ಗಂಟನ್ನು ಬದುಕು ಮತ್ತೆ ಬಿಗಿಯಿತು.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡು ಸೀಮೆಯ ಕುದ್ಮುಲ್‌ನಲ್ಲಿ ಸಾರಸ್ವತ ಬ್ರಾಹ್ಮಣ ಕುಟುಂಬದಲ್ಲಿ ಜನಿಸಿದರು. ಮುಂಗಡ ಹಣ ಪಡೆದು ಕೆಲಸ ತೊರೆದ ಕೂಲಿಯನ್ನು ಶಿಕ್ಷೆಗೆ ಗುರಿಪಡಿಸುವ ಕರಾರುಭಂಗ ಕಾಯ್ದೆ ಬಂದದ್ದೂ ಅದೇ ವರ್ಷ. ಮೂಲದ ಒಡೆಯನಿಂದ ತಪ್ಪಿಸಿಕೊಂಡು ಘಟ್ಟದ ಕಾಫಿ ತೋಟಗಳಿಗೆ ಹೋದವನನ್ನು ಈಗ ಮುಂಗಡದ ಕರಾರು ಕಟ್ಟಿಹಾಕುತ್ತಿತ್ತು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ರಂಗರಾಯರು ಮಂಗಳೂರಿಗೆ ಬಂದು ಶಿಕ್ಷಕರಾದರು. ಬಳಿಕ ವಕೀಲರಾಗಿ ಬಡವರ ಪರವಾಗಿ ವಾದಿಸುವವರೆಂದು ಹೆಸರಾದರು. 1870ರಲ್ಲಿ ಉಳ್ಳಾಲ ರಘುನಾಥಯ್ಯನವರ ಮುಂದಾಳತ್ವದಲ್ಲಿ ಮಂಗಳೂರಿನಲ್ಲಿ ನೆಲೆಗೊಂಡಿದ್ದ ಬ್ರಹ್ಮಸಮಾಜ ಅವರ ವಿಚಾರಗಳಿಗೆ ದಿಕ್ಕು ತೋರಿತು.

1890ರ ದಶಕದ ಆರಂಭದಲ್ಲಿ ಉರ್ವದ ಚಿಲಿಂಬಿಯಲ್ಲಿ ಅವರು ಅಸ್ಪೃಶ್ಯರ ಮಕ್ಕಳಿಗಾಗಿ ಶಾಲೆ ತೆರೆದರು. ವಿರೋಧದಿಂದಾಗಿ ಅದನ್ನು ಸ್ಥಳಾಂತರಿಸಬೇಕಾಯಿತು. ಸವರ್ಣೀಯರು ಪಾಠ ಹೇಳಲು ಒಪ್ಪದಿದ್ದಾಗ ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಂಡರು. ದುಡಿಯುವ ಮಗು ಶಾಲೆಗೆ ಬಂದರೆ ಮನೆಯ ಗಳಿಕೆ ತಪ್ಪುತ್ತದೆ ಎಂಬುದನ್ನು ಅರಿತು, ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಹಾಜರಾತಿಗೆ ಪುಡಿಗಾಸನ್ನೂ ಕೊಡುವ ಏರ್ಪಾಡು ಮಾಡಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ರೂಪುಗೊಂಡಿತು. ಜಮಖಂಡಿಯ ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಅದೇ ಬಗೆಯ ಸಂಸ್ಥೆಯನ್ನು ಕಟ್ಟಿದ್ದು 1906ರಲ್ಲಿ, ಅಂದರೆ 9 ವರ್ಷಗಳ ನಂತರ ಎಂಬುದು ಗಮನಾರ್ಹ.

ಮಿಷನ್ನಿನ ಕಾರ್ಯಕ್ರಮಗಳು ಮೂಲದ ಆಳಿನ ಒಂದೊಂದು ಕಟ್ಟನ್ನೂ ಗುರುತಿಸಿ ರೂಪಿಸಿದಂತಿವೆ. ನೇಯ್ಗೆ, ಬಡಗಿ ಕೆಲಸಗಳ ತರಬೇತಿಯು ಗದ್ದೆಯ ಹೊರಗೆ ಕೂಲಿಯ ದಾರಿ ತೋರಿತು. ನಿವೇಶನ ಹಂಚಿಕೆಯು ಒಡೆಯನ ನೆಲದ ಗುಡಿಸಲಿನಿಂದ ಬಿಡುಗಡೆ ನೀಡಿತು. ಆದಿದ್ರಾವಿಡರ ಸಹಕಾರ ಸಂಘವು ಒಡೆಯನ ಸಾಲಕ್ಕೆ ಬದಲಿಯಾಯಿತು. ಮೇಲ್ಜಾತಿಯವರ ಸಿಟ್ಟು ಎಷ್ಟೋ ಪಾಲು ಇಲ್ಲಿಯೇ ಇದೆ. ಮಡಿಮೈಲಿಗೆಯ ಭಂಗದ ಜೊತೆಗೆ ಅಗ್ಗದ ದುಡಿಮೆ ಕೈತಪ್ಪುವ ಭಯವೂ ಅದರಲ್ಲಿ ಬೆರೆತಿತ್ತು.

ಅದರ ಪರಿಣಾಮವಾಗಿ ರಂಗರಾಯರ ಕುಟುಂಬ ಸ್ವಜಾತಿಯ ಬಹಿಷ್ಕಾರಕ್ಕೆ ಒಳಗಾಯಿತು. ಅವರು ಹಿಂದೆ ಸರಿಯಲಿಲ್ಲ. ಮಗಳು ರಾಧಾಬಾಯಿಯವರ ವಿವಾಹ ಜಾತಿಯ ಎಲ್ಲೆ ಮೀರಿ ಪಿ. ಸುಬ್ಬರಾಯನ್ ಅವರೊಡನೆ ನಡೆಯಿತು. ಸುಬ್ಬರಾಯನ್ ಮುಂದೆ 1926ರಿಂದ 1930ರವರೆಗೆ ಮದರಾಸು ಪ್ರಾಂತದ ಮುಖ್ಯಮಂತ್ರಿಯಾಗಿದ್ದರು. 1927ರಲ್ಲಿ ರಂಗರಾಯರು ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರಾದರು. 1928ರ ಜನವರಿ 30ರಂದು ತೀರಿಕೊಂಡಾಗ, ಅವರ ಇಚ್ಛೆಯಂತೆ ಅಂತ್ಯಕ್ರಿಯೆಯನ್ನು ದಲಿತರು ನೆರವೇರಿಸಿದರು. 1934ರಲ್ಲಿ ಗಾಂಧೀಜಿ ಮಂಗಳೂರಿಗೆ ಬಂದಾಗ ಈ ಕಾರ್ಯವನ್ನು ಮೆಚ್ಚಿಕೊಂಡರು.

ಇದು ಮೇಲಿನಿಂದ ಇಳಿದುಬಂದ ಸುಧಾರಣೆಯೆಂಬ ಆಕ್ಷೇಪವನ್ನು ಸಂಪೂರ್ಣವಾಗಿ ತಳ್ಳಿಹಾಕಲಾಗದು. ನೆರವಿನ ನಿರ್ಧಾರ ಬಹುಪಾಲು ನೀಡುವವರ ಕೈಯಲ್ಲಿಯೇ ಇತ್ತು. ಆದರೂ ಬಿಡುಗಡೆಗೆ ನೆಲ ಬೇಕು ಎಂಬ ಅರಿವು ಇದರಲ್ಲಿತ್ತು. ಅಮೆರಿಕದಲ್ಲಿ 1865ರ ತಿದ್ದುಪಡಿಯಿಂದ ಸ್ವತಂತ್ರರಾದ ಕರಿಯರು ಭೂಮಿಯಿಲ್ಲದೆ ಹಳೆಯ ಒಡೆಯರ ಹೊಲಗಳಲ್ಲಿಯೇ ಪಾಲಿಗೆ ದುಡಿಯಬೇಕಾದುದನ್ನು ಇಲ್ಲಿ ನೆನೆಯಬಹುದು. ಕರ್ನಾಟಕದಲ್ಲಿಯೂ 1974ರ ಭೂಸುಧಾರಣೆಯು ಮುಖ್ಯವಾಗಿ ಗೇಣಿದಾರನಿಗೆ ಒಡೆತನ ನೀಡಿತು. ಮೂಲದ ಆಳು ಗೇಣಿದಾರನಾಗಿರಲಿಲ್ಲ. 1976ರ ಜೀತವಿಮುಕ್ತಿ ಕಾಯ್ದೆ ಆತನ ಸಾಲವನ್ನು ಅಳಿಸಿತಾದರೂ ಆ ಕಾಯ್ದೆಯಿಂದ ಭೂಮಿ ದೊರೆಯಲಿಲ್ಲ. ರಂಗರಾಯರ ಜೀವನವನ್ನು ಶಿಕ್ಷಣ ಪ್ರಸಾರದ ಕಥೆಯಾಗಿ ಮಾತ್ರ ಓದುವ ರೂಢಿಯನ್ನು ಮೀರಿ, ದುಡಿಮೆ ಮತ್ತು ನೆಲದ ಸಂಬಂಧದ ಚರಿತ್ರೆಯಾಗಿಯೂ ಓದಬೇಕಾದ ಅಗತ್ಯ ಇಲ್ಲಿದೆ.