ಎಲಿಜಬೆತ್ ಫ್ರೈ: ಸೆರೆಮನೆಯಲ್ಲಿ ಹೆಣಿಗೆ ಕಲಿಸಿದ ಸಾಧ್ವಿ

ಕಾಲುಚೀಲವನ್ನು ಹೆಣೆಯಲು ಕಲಿತವರೆಲ್ಲರಿಗೂ ಅದರ ಹಿಮ್ಮಡಿಯ ಕಷ್ಟವು ತಿಳಿದಿರುವದು. ಸುತ್ತುಸುತ್ತಾಗಿ ಹೆಣೆಯುತ್ತ ಬಂದ ಕೈಯು ಅಲ್ಲಿ ತಡೆಯಬೇಕು. ಕೆಲವು ಕುಣಿಕೆಗಳನ್ನು ಕಡ್ಡಿಯ ಮೇಲೆಯೇ ಕಾಯಲು ಬಿಟ್ಟು ಉಳಿದವುಗಳ ಮೇಲೆ ಮಾತ್ರ ಹೋಗಿ ಬರಬೇಕು. ತುದಿ ಮುಟ್ಟುವ ಮೊದಲೇ ತಿರುಗುವ ಇಂಥ ಗಿಡ್ಡ ಸಾಲುಗಳಲ್ಲಿ, ತಿರುಗುವೆಡೆಯ ಕುಣಿಕೆಗೆ ನೂಲನ್ನು ಒಂದು ಸುತ್ತು ಹಾಕದಿದ್ದರೆ ತೂತು ಬೀಳುವದು. ಅತಿಯಾಗಿ ಬಿಗಿದರೆ ಗಂಟಾಗಿ ಪಾದವನ್ನು ಒತ್ತುವದು. ಮರಳಿ ಬರುವಾಗ ಆ ಸುತ್ತನ್ನೂ ಕುಣಿಕೆಯನ್ನೂ ಕೂಡಿಸಿ ಒಂದಾಗಿ ಹೆಣೆಯತಕ್ಕದ್ದು. ಎಣಿಕೆ ತಪ್ಪಿದರೆ ಬಿಚ್ಚುವದೇ ಗತಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಕಡೆಯ ನಮ್ಮ ವಾಚಕಿಯರಲ್ಲಿ ಹೆಣಿಗೆ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಷ್ಟು ಗಮನವನ್ನು ಬೇಡುವ ಕಾಲುಚೀಲದ ಕೆಲಸವನ್ನು ಲಂಡನ್ನಿನ ನ್ಯೂಗೇಟ್ ಸೆರೆಮನೆಯ ಸ್ತ್ರೀಯರ ಕೈಗೆ ಧೈರ್ಯದಿಂದ ಕೊಟ್ಟವಳ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಬರೆದಿದೆ.

ಎಲಿಜಬೆತ್ತಳು 1780ನೆಯ ಇಸ್ವಿಯ ಮೇ 21ರಂದು ಇಂಗ್ಲಂಡಿನ ನಾರ್ವಿಚ್ ಪಟ್ಟಣದಲ್ಲಿ ಗರ್ನಿ ಎಂಬ ಶ್ರೀಮಂತ ಮನೆತನದಲ್ಲಿ ಜನಿಸಿದಳು. ಆ ಮನೆತನದವರು ಉಣ್ಣೆಯ ವ್ಯಾಪಾರದಿಂದಲೂ ಬ್ಯಾಂಕಿನಿಂದಲೂ ಹೆಸರಾದವರು. ಹನ್ನೆರಡನೆಯ ವಯಸ್ಸಿನಲ್ಲಿ ಆಕೆಯು ತಾಯಿಯನ್ನು ಕಳೆದುಕೊಂಡಳು. 1800ರಲ್ಲಿ ಜೋಸೆಫ್ ಫ್ರೈ ಎಂಬವರೊಡನೆ ಲಗ್ನವಾಗಿ ಲಂಡನ್ನಿಗೆ ಬಂದಳು. ಮುಂದೆ ಹನ್ನೊಂದು ಮಕ್ಕಳ ತಾಯಿಯಾದಳು.

1813ರಲ್ಲಿ ಆಕೆಯು ಮೊದಲ ಸಾರೆ ನ್ಯೂಗೇಟಿನ ಸ್ತ್ರೀಯರ ವಿಭಾಗವನ್ನು ಹೊಕ್ಕಳು. ಇಕ್ಕಟ್ಟಾದ ಕೆಲವೇ ಕೋಣೆಗಳಲ್ಲಿ ಸುಮಾರು 300 ಮಂದಿ ಸ್ತ್ರೀಯರು ತಮ್ಮ ಮಕ್ಕಳೊಡನೆ ತುಂಬಿದ್ದರು. ವಿಚಾರಣೆಯಾಗದವರೂ ಮರಣದಂಡನೆಗೆ ಗುರಿಯಾದವರೂ ಒಂದೇ ಕಡೆ ಇದ್ದರು. ಅಲ್ಲಿಯೇ ಉಣಿಸು, ಅಲ್ಲಿಯೇ ನಿದ್ರೆ, ಅಲ್ಲಿಯೇ ಜಗಳ. ಆಕೆಯು ಬತ್ತಲೆ ಕೂಸುಗಳಿಗೆ ಬಟ್ಟೆಗಳನ್ನು ಕೊಟ್ಟು ಬಂದಳು. ಆದರೆ ಮನೆಯ ತೊಂದರೆಗಳಿಂದಾಗಿ ಸುಮಾರು ನಾಲ್ಕು ವರ್ಷಗಳ ವರೆಗೆ ಅಲ್ಲಿಯ ಕಾರ್ಯವು ನಿಂತೇ ಹೋಯಿತು.

ಪುನಃ ಹೋದಾಗ ಮೊದಲು ಸ್ಥಾಪಿಸಿದ್ದು ಮಕ್ಕಳ ಶಾಲೆಯನ್ನು. ಕೈದಿಗಳಲ್ಲಿಯೇ ಓದು ಬಲ್ಲ ಒಬ್ಬಳು ಉಪಾಧ್ಯಾಯಿನಿಯಾದಳು. ಆಗ ತಮಗೂ ಕಲಿಸಬೇಕೆಂದು ದೊಡ್ಡವರೇ ಬಾಗಿಲಲ್ಲಿ ನಿಂತು ಬೇಡಿಕೊಂಡರಂತೆ! ಅಧಿಕಾರಿಗಳಿಗಾದರೋ ನಂಬಿಕೆಯಿರಲಿಲ್ಲ. ಇಂಥವರ ಕೈಗೆ ಬಟ್ಟೆ, ನೂಲುಗಳನ್ನು ಕೊಟ್ಟರೆ ಅವು ಕಳುವಾಗುವವು, ಕೆಲಸವು ಕೆಲವೇ ದಿನಗಳಲ್ಲಿ ಕೆಡುವದು ಎಂಬುದು ಅವರ ಎಣಿಕೆ. ಎಲಿಜಬೆತ್ತಳು ಹಿಂಜರಿಯದೆ 1817ರ ಏಪ್ರಿಲಿನಲ್ಲಿ ಹನ್ನೆರಡು ಮಂದಿ ಸ್ತ್ರೀಯರ ಸಂಘವೊಂದನ್ನು ಕಟ್ಟಿದಳು. ಬಳಿಕ ಕೈದಿಗಳನ್ನೆಲ್ಲ ನೆರೆಯಿಸಿ ನಿಯಮಗಳನ್ನು ಒಂದೊಂದಾಗಿ ಓದಿ, ಒಪ್ಪಿಗೆಯಿದ್ದವರು ಕೈಯೆತ್ತಬೇಕೆಂದು ಕೇಳಿದಳು. ಆ ದೇಶದ ಸ್ತ್ರೀಯರಿಗೆ ಪಾರ್ಲಿಮೆಂಟಿನ ಮತಾಧಿಕಾರವು ದೊರೆತದ್ದು 1918ರಲ್ಲಿ ಎಂಬುದನ್ನು ನೆನೆದರೆ ಈ ಕೈಯೆತ್ತುವಿಕೆಯು ಸಣ್ಣ ಸಂಗತಿಯಲ್ಲ.

ಸುಮಾರು ಹನ್ನೆರಡು ಮಂದಿಗೆ ಒಬ್ಬಳಂತೆ ಮೇಲ್ವಿಚಾರಕಿ. ಹೊಲಿಗೆ, ತುಂಡುಬಟ್ಟೆಗಳ ಜೋಡಣೆ, ಕಾಲುಚೀಲದ ಹೆಣಿಗೆ ಹೀಗೆ ಕೆಲಸಗಳು. ನ್ಯೂ ಸೌತ್ ವೇಲ್ಸ್ ಎಂಬ ದೂರದ ವಸಾಹತಿಗೆ ಉಡುಪುಗಳನ್ನು ಪೂರೈಸುತ್ತಿದ್ದ ವರ್ತಕರು ಸಿದ್ಧವಾದ ಮಾಲನ್ನು ಕೊಳ್ಳಲು ಒಪ್ಪಿದರು. ಹತ್ತು ತಿಂಗಳಲ್ಲಿ ಸುಮಾರು 20,000 ಉಡುಪುಗಳು ಸಿದ್ಧವಾದವು. ಅದಲ್ಲದೆ ತಿಂಗಳಿಗೆ 60ರಿಂದ 100 ಜೋಡಿ ಕಾಲುಚೀಲಗಳು ಹೆಣಿಗೆಯಿಂದ ದೊರೆಯುತ್ತಿದ್ದವು. ಎಷ್ಟು ಹಿಮ್ಮಡಿಗಳಾದವೆಂಬುದನ್ನು ವಾಚಕಿಯರು ತಾವೇ ಲೆಕ್ಕ ಹಾಕಬಹುದು!

ಒಬ್ಬೊಬ್ಬಳಿಗೆ ವಾರಕ್ಕೆ ಸರಾಸರಿ ಹದಿನೆಂಟು ಪೆನ್ಸಿನಷ್ಟು ಸಂಪಾದನೆ. ಅಲ್ಪವೇ ಸರಿ. ನಿಪ್ಪಾಣಿಯಲ್ಲಿ ಸಾವಿರಕ್ಕೆ ಇಷ್ಟೆಂದು ಬೀಡಿ ಕಟ್ಟುವ ತಾಯಂದಿರು ಬಲ್ಲರು, ಎಣಿಸಿಕೊಂಡ ಮಜೂರಿಯು ಅಲ್ಪವಾದರೂ ಭಿಕ್ಷೆಯಲ್ಲ. ಎಲಿಜಬೆತ್ತಳ ಹಿರಿಮೆಯು ಬಟ್ಟೆ ಹಂಚಿದ್ದಕ್ಕಿಂತ ಇದರಲ್ಲಿಯೇ ಹೆಚ್ಚಾಗಿ ಇದೆಯೆಂದು ನಮ್ಮ ಅಭಿಪ್ರಾಯ. ಆಕೆಯು ಅವರಿಂದ ಮಾರಾಟಕ್ಕೆ ಯೋಗ್ಯವಾದ ಕೆಲಸವನ್ನು ಅಪೇಕ್ಷಿಸಿದಳು. ಓರೆಕೋರೆಯಾದ ಹಿಮ್ಮಡಿಯನ್ನು ಯಾವ ವರ್ತಕನೂ ಕನಿಕರದಿಂದ ಕೊಳ್ಳಲಾರನಷ್ಟೆ.

1818ರಲ್ಲಿ ಆಕೆಯು ಪಾರ್ಲಿಮೆಂಟಿನ ಸಮಿತಿಯೆದುರು ಸಾಕ್ಷಿ ನುಡಿದಳು. 1823ರ ಕಾಯದೆಯಿಂದ ಸ್ತ್ರೀ ಕೈದಿಗಳ ಮೇಲೆ ಸ್ತ್ರೀಯರೇ ಕಾವಲಿರಬೇಕೆಂದು ಗೊತ್ತಾಯಿತು. ನಿಂದೆಯೂ ತಪ್ಪಲಿಲ್ಲ, ಸ್ವಂತ ಮಕ್ಕಳನ್ನು ಬಿಟ್ಟು ಕಳ್ಳರ ಮಕ್ಕಳನ್ನು ಸಾಕುತ್ತಾಳೆಂದು ಜನರು ಆಡಿಕೊಂಡರು. 1828ರಲ್ಲಿ ಪತಿಯ ಬ್ಯಾಂಕು ದಿವಾಳಿಯಾಗಿ ಮನೆಯನ್ನೂ ಬಿಡಬೇಕಾಯಿತು. ಆದರೂ ಸೆರೆಮನೆಯ ಹಾದಿಯನ್ನು ಆಕೆ ಬಿಡಲಿಲ್ಲ. 1845ರ ಅಕ್ಟೋಬರ 12ರಂದು ರಾಮ್ಸ್‌ಗೇಟಿನಲ್ಲಿ ತೀರಿಕೊಂಡಳು.

ಕಾಲುಚೀಲಗಳು ತೊಟ್ಟಷ್ಟೂ ಸವೆಯತಕ್ಕವು. ಆದರೆ ಗಡಿಪಾರಾಗಿ ಹಡಗು ಹತ್ತುವ ಸ್ತ್ರೀಯರಿಗೆ ಆಕೆಯ ಸಂಘದವರು ಸೂಜಿ, ನೂಲು, ಬಟ್ಟೆಯ ತುಂಡುಗಳ ಚೀಲವನ್ನು ಕೊಡುತ್ತಿದ್ದರು. 1841ರಲ್ಲಿ ರಾಜಾ ಎಂಬ ಹಡಗಿನಲ್ಲಿ ಟಾಸ್ಮೇನಿಯಾಕ್ಕೆ ಹೋದವರು ದಾರಿಯಲ್ಲಿ ಆ ತುಂಡುಗಳಿಂದ ಹೊಲಿದ ದೊಡ್ಡ ಹೊದಿಕೆಯೊಂದು ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ರಾಷ್ಟ್ರೀಯ ಕಲಾಶಾಲೆಯಲ್ಲಿ ಈಗಲೂ ಇದೆ. ಅದರಲ್ಲಿ ಪಳಗಿದ ಕೈಗಳ ಹೊಲಿಗೆಯೂ ಹೊಸಬರ ಹೊಲಿಗೆಯೂ ಅಕ್ಕಪಕ್ಕದಲ್ಲಿಯೇ ಕಾಣುವವು.