ಶ್ರೀ ಶಿಶುನಾಳ ಶರೀಫ ಸಾಹೇಬರ ಸಖ್ಯಯೋಗ

ಮತಮತಗಳ ನಡುವಣ ಸಂವಾದವು ವಾದಸಭೆಯ ಜಯಾಪಜಯಗಳಿಂದ ಸಿದ್ಧಿಸತಕ್ಕುದಲ್ಲ. ಒಂದೇ ಜಗಲಿಯ ಮೇಲೆ ಕುಳಿತು ಒಬ್ಬರ ಅನುಭಾವವನ್ನು ಮತ್ತೊಬ್ಬರು ಪ್ರೀತಿಯಿಂದ ಆಲಿಸುವ ಸಖ್ಯದಿಂದ ಸಿದ್ಧಿಸತಕ್ಕುದು. ಇದಕ್ಕೆ ಶರೀಫ ಸಾಹೇಬರ ಜೀವಿತವೇ ಪ್ರತ್ಯಕ್ಷ ನಿದರ್ಶನವು.

ಈಗಿನ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿಗೆ ಸೇರಿದ ಶಿಶುನಾಳ ಗ್ರಾಮದಲ್ಲಿ ಇಮಾಮ ಸಾಹೇಬ ಮತ್ತು ಹಜ್ಜೂಮಾ ದಂಪತಿಗಳ ಪುತ್ರರಾಗಿ ಇವರು 1819ರಲ್ಲಿ ಜನಿಸಿದರು. ಹುಲಗೂರಿನ ಖಾದರ ಷಾ ವಲಿಗಳ ಕೃಪೆಯಿಂದ ಹುಟ್ಟಿದ ಕೂಸೆಂಬುದು ಜನರ ನಂಬುಗೆ. ಮುಲ್ಕಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿ ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. ಆದರೆ ಅಂತರಂಗದ ಹಸಿವು ಅಕ್ಷರವಿದ್ಯೆಯಿಂದ ಹಿಂಗದಿರಲು, ವೃತ್ತಿಯನ್ನು ತೊರೆದು ಕಳಸದ ಗೋವಿಂದಭಟ್ಟರ ಪಾದಾಶ್ರಯವನ್ನು ಪಡೆದರು. ಭಟ್ಟರು ತಮ್ಮ ಯಜ್ಞೋಪವೀತವನ್ನೇ ಶಿಷ್ಯನ ಕೊರಳಿಗೆ ಹಾಕಿದರೆಂದು ಪ್ರತೀತಿಯುಂಟು. ಅಗ್ರಹಾರದವರು ಗುರುವನ್ನೂ ಸ್ವಮತೀಯರು ಶಿಷ್ಯನನ್ನೂ ನಿಂದಿಸಿದರು. ಇಬ್ಬರೂ ಕೈಬಿಡಲಿಲ್ಲ, ಗುರುವು ಗುರುವಾಗಿದ್ದೂ ಗೆಳೆಯನಾದನು.

ಈ ಸ್ನೇಹಕ್ಕಾಗಿ ಶರೀಫರು ತಮ್ಮದನ್ನು ಬಿಟ್ಟುಕೊಟ್ಟವರಲ್ಲ. ಮೊಹರಮ್ಮಿನ ಹಬ್ಬಕ್ಕೆ ಕರ್ಬಲಾದ ರಿವಾಯತ ಪದಗಳನ್ನು ಕಟ್ಟಿದ ನಾಲಗೆಯೇ ಬಸವಣ್ಣನನ್ನೂ ದೇವಿಯನ್ನೂ ಗುರುಗೋವಿಂದನನ್ನೂ ಹಾಡಿತು. ನವಲಗುಂದದ ನಾಗಲಿಂಗಯೋಗಿಗಳು, ಗರಗದ ಮಡಿವಾಳೇಶ್ವರರು, ಹುಬ್ಬಳ್ಳಿಯ ಸಿದ್ಧಾರೂಢರು ಇವರ ಸಮಕಾಲೀನ ಆತ್ಮೀಯರು. ಪರಸ್ಪರ ಭೇಟಿಯಾದಾಗ ಯಾರೂ ಯಾರನ್ನೂ ತಮ್ಮ ಮತಕ್ಕೆ ಕರೆಯಲಿಲ್ಲ. ಅರಿವಿನ ಸವಿಯನ್ನು ಮಾತ್ರ ಹಂಚಿಕೊಂಡರು.

1889ರಲ್ಲಿ ಅಂತ್ಯಕಾಲವು ಸಮೀಪಿಸಿತು. ಜಂಗಮಪಾದವನ್ನು ಶಿರದ ಮೇಲೆ ಧರಿಸಿ ದೇಹವನ್ನು ಬಿಡಬೇಕೆಂದು ಶರೀಫರು ಬಯಸಿದರೆಂದೂ, ಹಿರೇಮಠದ ಅಯ್ಯನವರು ಮೊದಲು ಹಿಂಜರಿದರೆಂದೂ ಹಿರಿಯರು ಹೇಳುತ್ತ ಬಂದಿರುವರು. ಆ ಹಿಂಜರಿಕೆಯು ದ್ವೇಷದ್ದಲ್ಲ. ಒಂದೆಡೆ ಸಂಪ್ರದಾಯದ ಮರ್ಯಾದೆ, ಮತ್ತೊಂದೆಡೆ ಊರೆಲ್ಲ ಕೊಂಡಾಡುವ ಮಹಾತ್ಮನ ಕೊನೆಯ ಬೇಡಿಕೆ. ಎರಡರ ನಡುವೆ ಸಿಲುಕಿದ ಸಜ್ಜನನ ಸಂಕಟವದು. ಕಡೆಗೆ ಪ್ರೀತಿಯೇ ಗೆದ್ದು ಅಯ್ಯನವರು ಪಾದವನ್ನಿಟ್ಟರು. ಶರೀಫರು ಶಾಂತರಾಗಿ ಲಿಂಗೈಕ್ಯರಾದರು. ಬಳಿಕ ಮಂತ್ರಘೋಷವೂ ಕುರಾನ್ ಪಠಣವೂ ಕೂಡಿ ಉಭಯರೂ ತಂತಮ್ಮ ವಿಧಿಗಳನ್ನು ನೆರವೇರಿಸಿದರು. ಇಂದಿಗೂ ಶಿಶುನಾಳದ ಗದ್ದುಗೆಗೆ ಉಭಯರೂ ನಡೆದುಕೊಳ್ಳುತ್ತಾರೆ.

ಪರರ ಧರ್ಮಗ್ರಂಥವನ್ನು ಓದಿದವನು ಪಂಡಿತನಾಗಬಹುದು. ಪರಧರ್ಮೀಯನ ಮರಣಶಯ್ಯೆಯ ಬಳಿ ಸ್ನೇಹಿತನಾಗಿ ನಿಲ್ಲಬಲ್ಲವನೇ ಶರಣನು. ಮಠದ ಸದ್ಭಕ್ತರು ನೆರೆಮನೆಯ ಅನ್ಯಮತೀಯರೊಡನೆ ಇಂಥ ಸಖ್ಯವನ್ನು ಬೆಳೆಸಿಕೊಳ್ಳಲಿ. ಶುಭಂ ಭೂಯಾತ್.