ಬೆಳಕಿನ ಏರಿಳಿತದ ಬೆನ್ನು ಹತ್ತಿದ ವೈನು ಬಪ್ಪು

ಮಕ್ಕಳೇ, ಬೀಳಗಿ ತಾಲ್ಲೂಕಿನ ಅನಗವಾಡಿಯ ಬಳಿ ಘಟಪ್ರಭಾ ನದಿಗೆ ಸೇತುವೆ ಇದೆ. ಕತ್ತಲಾದ ಮೇಲೆ ದೂರದ ದಂಡೆಯಲ್ಲಿ ನಿಂತು ನೀವು ಆ ಕಡೆ ನೋಡುತ್ತಿದ್ದೀರಿ ಎಂದುಕೊಳ್ಳಿ. ಸೇತುವೆ ಕಾಣುವುದಿಲ್ಲ. ಅದರ ಮೇಲೆ ಹೋಗುವ ಲಾರಿಯ ದೀಪ ಮಾತ್ರ ಕಾಣುತ್ತದೆ. ಆ ದೀಪ ಒಮ್ಮೆ ಮರೆಯಾಗಿ ಮತ್ತೆ ಕಾಣಿಸಿಕೊಂಡು, ಪುನಃ ಮರೆಯಾದರೆ ಏನು ತಿಳಿಯುತ್ತೀರಿ? ದೀಪಕ್ಕೂ ನಿಮಗೂ ನಡುವೆ ಕಂಬಗಳ ಸಾಲಿದೆ ಎಂದಲ್ಲವೇ? ಕಂಬಗಳನ್ನು ನೋಡದೆಯೇ ಅವು ಅಲ್ಲಿವೆ ಎಂದು ಕಂಡುಕೊಂಡಿರಿ!

ಖಗೋಳ ವಿಜ್ಞಾನಿಗಳು ಮಾಡುವುದೂ ಇದನ್ನೇ. ನಕ್ಷತ್ರದ ಹತ್ತಿರ ಹೋಗಿ ನೋಡಲು ಅವರಿಂದ ಆಗದು. ಅಲ್ಲಿಂದ ಬರುವ ಬೆಳಕು ಹೆಚ್ಚಾಯಿತೇ, ಕಡಿಮೆಯಾಯಿತೇ, ಎಷ್ಟು ದಿನಕ್ಕೊಮ್ಮೆ ಹೀಗಾಗುತ್ತದೆ ಎಂದು ಬರೆದಿಡುತ್ತಾರೆ. ಆ ಲೆಕ್ಕದಿಂದಲೇ ದೂರದ ಸಂಗತಿಯನ್ನು ಊಹಿಸುತ್ತಾರೆ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಒಳ್ಳೆಯ ದೂರದರ್ಶಕಗಳು ಬೇಕೆಂದು ಜೀವನವಿಡೀ ದುಡಿದವರು ಮನಾಲಿ ಕಲ್ಲಾಟ್ ವೈನು ಬಪ್ಪು.

ಬಪ್ಪು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಚೆನ್ನೈನಲ್ಲಿ. ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಕೆಲಸದಲ್ಲಿದ್ದರು. ಮನೆಯಲ್ಲಿ ನಕ್ಷತ್ರದ ಮಾತು, ಹೊರಗೆ ದೂರದರ್ಶಕ. ಹುಡುಗನಿಗೆ ಇನ್ನೇನು ಬೇಕು? ಕಾಲೇಜಿನಲ್ಲಿ ಓದುತ್ತಿರುವಾಗಲೇ ಅವರು ಚಂಚಲ ನಕ್ಷತ್ರಗಳನ್ನು ನೋಡತೊಡಗಿದರು, ಅವುಗಳ ಬಗ್ಗೆ ಲೇಖನಗಳನ್ನೂ ಪ್ರಕಟಿಸಿದರು.

ಚಂಚಲ ನಕ್ಷತ್ರ ಎಂದರೆ ಯಾವುದು ಗೊತ್ತೇ? ಹೊಳಪು ಬದಲಾಗುತ್ತಿರುವ ನಕ್ಷತ್ರ. ಮೈರಾ ಎಂಬ ನಕ್ಷತ್ರ ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಪ್ರಕಾಶಮಾನವಾಗಿ, ನಡುವೆ ಬರಿಗಣ್ಣಿಗೆ ಕಾಣದಷ್ಟು ಮಂಕಾಗುತ್ತದೆ. ಇದನ್ನು ಅಳೆಯುವ ಉಪಾಯ ಸರಳ. ಪಕ್ಕದಲ್ಲಿ ಹೊಳಪು ಬದಲಾಗದ ಎರಡು ನಕ್ಷತ್ರಗಳನ್ನು ಗುರುತಿಟ್ಟುಕೊಳ್ಳಬೇಕು. ನಮ್ಮ ನಕ್ಷತ್ರ ಇವತ್ತು ಅವುಗಳಲ್ಲಿ ಯಾವುದಕ್ಕೆ ಸಮ ಎಂದು ನೋಡಬೇಕು, ದಿನಾಂಕ ಹಾಕಿ ಬರೆಯಬೇಕು. ಒಂದು ರಾತ್ರಿ ನೋಡಿದರೆ ಏನೂ ತಿಳಿಯದು, ನೂರು ರಾತ್ರಿ ಬೇಕು. ಬೇಸರ ತರುವ ಕೆಲಸವೆಂದು ನಿಮಗೆ ಅನಿಸಬಹುದು. ಬಪ್ಪು ಅವರಿಗೆ ಹಾಗೆ ಅನಿಸಲಿಲ್ಲ.

1949ರಲ್ಲಿ ಅವರು ಹೆಚ್ಚಿನ ಓದಿಗಾಗಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಆಗ ಆಕಾಶದ ಚಿತ್ರಗಳನ್ನು ಗಾಜಿನ ಫಲಕಗಳ ಮೇಲೆ ತೆಗೆಯುತ್ತಿದ್ದರು. ಹಾರ್ವರ್ಡಿನಲ್ಲಿ ಅಂಥ ಹಳೆಯ ಫಲಕಗಳು ಲಕ್ಷಗಟ್ಟಲೆ ಇವೆ. ಈ ಗಾಜುಗಳನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ. ಅದೇ ವರ್ಷದ ಜುಲೈ 2ರಂದು ಬಪ್ಪು ತಾವು ತೆಗೆದ ಫಲಕವೊಂದರಲ್ಲಿ ಹೊಸ ಧೂಮಕೇತುವನ್ನು ಕಂಡರು. ಅವರ ಗುರು ಬಾರ್ಟ್ ಬಾಕ್ ಮತ್ತು ಜೊತೆಗಾರ ಗಾರ್ಡನ್ ನ್ಯೂಕಿರ್ಕ್ ಕೂಡ ಅದರಲ್ಲಿ ಪಾಲುಗೊಂಡರು. ಹೀಗಾಗಿ ಅದಕ್ಕೆ ಬಪ್ಪು-ಬಾಕ್-ನ್ಯೂಕಿರ್ಕ್ ಧೂಮಕೇತು ಎಂದೇ ಹೆಸರಾಯಿತು.

ಡಾಕ್ಟರೇಟ್ ಪಡೆದ ಮೇಲೆ ಅವರು ಪಾಲೋಮಾರ್ ವೀಕ್ಷಣಾಲಯಕ್ಕೆ ಹೋದರು. ಐದು ಮೀಟರ್ ಅಗಲದ ಕನ್ನಡಿಯಿದ್ದ ಅಲ್ಲಿನ ದೂರದರ್ಶಕ ಆಗ ಜಗತ್ತಿನಲ್ಲೇ ದೊಡ್ಡದು. ಅಲ್ಲಿ ಓಲಿನ್ ವಿಲ್ಸನ್ ಅವರೊಡನೆ ನಡೆಸಿದ ಕೆಲಸ 1957ರಲ್ಲಿ ಪ್ರಕಟವಾಯಿತು. ತಂಪು ನಕ್ಷತ್ರಗಳ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ, ಅದರಲ್ಲಿ ಕ್ಯಾಲ್ಸಿಯಂ ಮೂಡಿಸುವ ಒಂದು ರೇಖೆಯ ಅಗಲ ಅಳೆದರೆ ಸಾಕು, ನಕ್ಷತ್ರದ ನಿಜವಾದ ಪ್ರಕಾಶ ಎಷ್ಟೆಂದು ಹೇಳಬಹುದು! ಇದಕ್ಕೆ ವಿಲ್ಸನ್-ಬಪ್ಪು ಪರಿಣಾಮ ಎಂದು ಹೆಸರು.

ಅಷ್ಟು ದೊಡ್ಡ ದೂರದರ್ಶಕ ಬಿಟ್ಟು ಯಾರಾದರೂ ಬರುತ್ತಾರೆಯೇ? ಬಪ್ಪು ಬಂದರು. ಆಗ ಭಾರತದಲ್ಲಿ ಅದರ ಹತ್ತಿರಕ್ಕೆ ಬರುವ ಸಾಧನ ಒಂದೂ ಇರಲಿಲ್ಲ. ಮೊದಲು ನೈನಿತಾಲಿನಲ್ಲಿ ವೀಕ್ಷಣಾಲಯ ಕಟ್ಟಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ಮುಖ್ಯಸ್ಥರಾದರು. ಅದು ಸೂರ್ಯನನ್ನು ನೋಡಲು ಹೆಸರಾದ ಜಾಗ. ರಾತ್ರಿ ಕೆಲಸಕ್ಕೆ ಅಲ್ಲಿ ಮೋಡದ ಕಾಟ. ಬಪ್ಪು ಬೇರೆ ಜಾಗ ಹುಡುಕುತ್ತಾ ಹೊರಟರು. ಕೊನೆಗೆ ತಮಿಳುನಾಡಿನ ಜವ್ವಾದಿ ಬೆಟ್ಟಗಳ ಕಾವಲೂರು ಅವರಿಗೆ ಹಿಡಿಸಿತು. ಸುತ್ತ ಕಾಡು, ಊರಿನ ದೀಪಗಳಿಲ್ಲದ ಕತ್ತಲೆ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ದಕ್ಷಿಣದ ಆಕಾಶವೂ ಚೆನ್ನಾಗಿ ಕಾಣುತ್ತದೆ. 1968ರಲ್ಲಿ ಅಲ್ಲಿ 38 ಸೆಂಟಿಮೀಟರಿನ ಪುಟ್ಟ ದೂರದರ್ಶಕ ಕೆಲಸ ಶುರುಮಾಡಿತು. ಅದನ್ನು ತಯಾರಿಸಿದ್ದು ಅವರ ಸಂಸ್ಥೆಯವರೇ. 1972ರಲ್ಲಿ ಒಂದು ಮೀಟರಿನ ದೂರದರ್ಶಕ ಬಂತು. ಈ ನಡುವೆ ಕೊಡೈಕೆನಾಲಿನ ಸಂಸ್ಥೆ 1971ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಾಯಿತು. ಅದರ ಕೇಂದ್ರ ಬೆಂಗಳೂರಿಗೆ ಬಂತು.

1977ರ ಮಾರ್ಚ್ 10ರ ರಾತ್ರಿ ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಕಾವಲೂರಿನಲ್ಲಿ ಆ ನಕ್ಷತ್ರದ ಬೆಳಕನ್ನು ಅಳೆಯುತ್ತಿದ್ದರು. ಗ್ರಹ ಇನ್ನೂ ದೂರವಿರುವಾಗಲೇ ಬೆಳಕು ಒಮ್ಮೆ ಕುಗ್ಗಿ ಮತ್ತೆ ಮೊದಲಿನಂತಾಯಿತು. ಅದೇ ರಾತ್ರಿ ಬೇರೆಡೆ ನೋಡುತ್ತಿದ್ದವರಿಗೂ ಇಂಥದ್ದೇ ಕಂಡಿತು. ಯುರೇನಸ್ಸಿನ ಸುತ್ತ ಉಂಗುರಗಳಿವೆ ಎಂದು ಜಗತ್ತಿಗೆ ತಿಳಿದದ್ದು ಹೀಗೆ. ಸೇತುವೆಯ ಕಂಬಗಳು ನೆನಪಾದವೇ?

ಆದರೆ ಬಹಳ ದೂರದ ವಸ್ತುಗಳಿಗೆ ಒಂದು ಮೀಟರಿನ ಕನ್ನಡಿ ಸಾಲದು. 1963ರಲ್ಲಿ, ಬಪ್ಪು ಹಿಂದೆ ಕೆಲಸ ಮಾಡಿದ್ದ ಪಾಲೋಮಾರಿನಲ್ಲೇ, ಮಾರ್ಟೆನ್ ಸ್ಮಿತ್ ಎಂಬವರು ಒಂದು ವಿಚಿತ್ರ ಕಂಡುಕೊಂಡರು. ನಕ್ಷತ್ರದಂತೆ ಕಾಣುತ್ತಿದ್ದ ಒಂದು ಚುಕ್ಕೆ ನಿಜಕ್ಕೂ 200 ಕೋಟಿ ಜ್ಯೋತಿರ್ವರ್ಷಗಳಿಗಿಂತ ಆಚೆ ಇತ್ತು! ಇಂಥವುಗಳೇ ಕ್ವೇಸಾರ್‌ಗಳು. ದೂರದ ಗೆಲಾಕ್ಸಿಯ ನಡುವಿನ ಭಾರಿ ಕಪ್ಪುಕುಳಿಯೊಳಕ್ಕೆ ಅನಿಲ ಸುತ್ತುತ್ತಾ ಬೀಳುವಾಗ ಅಪಾರವಾಗಿ ಕಾಯ್ದು ಹೊಳೆಯುತ್ತದೆ. ನಮ್ಮ ಆಕಾಶಗಂಗೆಯ ನಕ್ಷತ್ರಗಳನ್ನೆಲ್ಲ ಕೂಡಿಸಿದರೂ ಪ್ರಬಲ ಕ್ವೇಸಾರ್‌ನ ಬೆಳಕಿಗೆ ಸಮವಾಗದು. ಆದರೂ ದೂರದಿಂದಾಗಿ ಅದು ನಮಗೆ ಬಲು ಮಂಕು.

ಮಂಕು ಬೆಳಕು ಹಿಡಿಯಲು ದೊಡ್ಡ ಕನ್ನಡಿ ಬೇಕು. ಅದನ್ನು ಹೊರದೇಶದಿಂದ ಕೊಂಡು ತರುವ ಬದಲು ನಾವೇ ಮಾಡೋಣ ಎಂದು ಬಪ್ಪು ಹಟ ಹಿಡಿದರು. ಜರ್ಮನಿಯಿಂದ ಗಾಜು ಮಾತ್ರ ಬಂತು. 2.34 ಮೀಟರ್ ಅಗಲದ ಆ ಗಾಜನ್ನು ಬೆಂಗಳೂರಿನಲ್ಲಿ ಉಜ್ಜಿ ಉಜ್ಜಿ ಕನ್ನಡಿ ಮಾಡಿದರು. ಕೂದಲಿನ ದಪ್ಪದ ಸಾವಿರದಲ್ಲೊಂದು ಪಾಲಿನಷ್ಟು ಉಬ್ಬುತಗ್ಗು ಉಳಿದರೂ ಚಿತ್ರ ಕೆಡುವ ಕೆಲಸ ಅದು. ವರ್ಷಗಳೇ ಹಿಡಿದವು. 1979ರಲ್ಲಿ ಬಪ್ಪು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಆ ಸ್ಥಾನಕ್ಕೇರಿದ ಮೊದಲ ಭಾರತೀಯ ಅವರು. ಆದರೆ 1982ರ ಆಗಸ್ಟ್ 19ರಂದು, ಹೃದಯದ ಶಸ್ತ್ರಚಿಕಿತ್ಸೆಯ ನಂತರ, ಜರ್ಮನಿಯ ಮ್ಯೂನಿಕ್‌ನಲ್ಲಿ ತೀರಿಕೊಂಡರು. ವಯಸ್ಸು 55. ದೂರದರ್ಶಕ ಇನ್ನೂ ಮುಗಿದಿರಲಿಲ್ಲ. ಶಿಷ್ಯರು, ಜೊತೆಗಾರರು ಅದನ್ನು ಮುಗಿಸಿದರು. 1986ರ ಜನವರಿ 6ರಂದು ಅದಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ವೈನು ಬಪ್ಪು ಅವರ ಹೆಸರಿಟ್ಟರು.

ಕ್ವೇಸಾರ್‌ನ ಬೆಳಕು ಸದಾ ಏರಿಳಿಯುತ್ತದೆ, ಹೆಚ್ಚಾಗಿ ಯಾವ ಕ್ರಮವೂ ಇಲ್ಲದೆ. ಕೆಲವು ಮಾತ್ರ ಮೈರಾದಂತೆ ನಿಯಮಿತವಾಗಿ ಹೊಳೆಯುತ್ತವೆಯೇ ಎಂದು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಇಲ್ಲೊಂದು ತೊಡಕಿದೆ. ಘಟಪ್ರಭೆಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಪೂರ ಬರುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪುತ್ತೀರಾ? ಎರಡು ಸಲ ಹಾಗಾದದ್ದು ಆಕಸ್ಮಿಕವೂ ಇರಬಹುದು. ನಾಲ್ಕೈದು ಸಲವಾದರೂ ನೋಡಬೇಕು, ಅಂದರೆ ಐವತ್ತು ಅರವತ್ತು ವರ್ಷದ ಲೆಕ್ಕ ಬೇಕು. ಕ್ವೇಸಾರ್ ಕುಲದ ಓಜೆ 287 ಎಂಬುದು ಸುಮಾರು ಹನ್ನೆರಡು ವರ್ಷಕ್ಕೊಮ್ಮೆ ಜೋರಾಗಿ ಬೆಳಗುತ್ತದೆ ಎನ್ನಲು ನೆರವಾದದ್ದು ಹಳೆಯ ಗಾಜಿನ ಫಲಕಗಳೇ. ಅವುಗಳಲ್ಲಿ ಕೆಲವು 19ನೇ ಶತಮಾನದ ಕೊನೆಯವು. ಅದರ ನಡುವೆ ಒಂದಲ್ಲ, ಎರಡು ಕಪ್ಪುಕುಳಿಗಳು ಪರಸ್ಪರ ಸುತ್ತುತ್ತಿವೆ ಎಂದು ಕೆಲವರ ವಾದ. ಎಲ್ಲರೂ ಇದನ್ನು ಒಪ್ಪಿಲ್ಲ, ಅಳತೆ ನಡೆದೇ ಇದೆ.

ಈ ಅಳತೆಯಲ್ಲಿ ಬಪ್ಪು ಕಟ್ಟಿದ ಸಂಸ್ಥೆಯೂ ಕೈಜೋಡಿಸಿದೆ. ಅದರ ಎರಡು ಮೀಟರಿನ ಇನ್ನೊಂದು ದೂರದರ್ಶಕ ಲಡಾಖಿನ ಹಾನ್ಲೆಯಲ್ಲಿದೆ, ಸಮುದ್ರಮಟ್ಟದಿಂದ ಸುಮಾರು 4,500 ಮೀಟರ್ ಎತ್ತರದಲ್ಲಿ. ಅಲ್ಲಿ ಉಸಿರಾಡುವುದೇ ಕಷ್ಟ, ಚಳಿಯಂತೂ ಹೇಳತೀರದು. ಆದ್ದರಿಂದ ಅದನ್ನು ನಡೆಸುವವರು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕುಳಿತಿರುತ್ತಾರೆ. ಅವರ ಆದೇಶ ಉಪಗ್ರಹದ ಮೂಲಕ ಹಾನ್ಲೆಗೆ ಹೋಗುತ್ತದೆ, ಕ್ವೇಸಾರ್‌ನ ಚಿತ್ರ ಅದೇ ದಾರಿಯಲ್ಲಿ ಹೊಸಕೋಟೆಗೆ ಬರುತ್ತದೆ.